ಮನೆ ಕಂದಾಯ: ಬಾಡಿಗೆ ಕೊಟ್ಟ ಮಹಡಿಗೆ ಯಾಕೆ ಡಬಲ್? ಇನ್‌ಕಮ್ ಟ್ಯಾಕ್ಸ್‌ನಲ್ಲಿ ಏನಾದರೂ ಕಳೆಯಬಹುದಾ?

ಕಾಮನಬಿಲ್ಲು80:
ಎಲ್ಲರಿಗೂ ನಮಸ್ಕಾರ. ಮನೆ ಕಂದಾಯದ ಬಗ್ಗೆ ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಬೆಂಗಳೂರಿನಲ್ಲಿ 30-40 ಸೈಟು, ಆರ್‌ಸಿಸಿ ಮನೆ. ಕೆಳಗೆ 8 ಚದರ (800 ಚದರ ಅಡಿ), ಮೇಲೆ 8 ಚದರ. ಇಷ್ಟು ವರ್ಷ ಅಪ್ಪನೇ ಕಂದಾಯ ಕಟ್ಟುತ್ತಿದ್ದರು. ಈಗ ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿದ್ದಾರೆ, ಇ-ಖಾತಾನೂ ಆಗಿದೆ. ಮೊದಲು ಎರಡೂ ಮಹಡಿ ನಮ್ಮದೇ ಬಳಕೆಯಲ್ಲಿತ್ತು. ಈಗ ಮೇಲಿನದನ್ನು 18,000ಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ.

ಆನ್‌ಲೈನ್‌ನಲ್ಲಿ ತುಂಬುವಾಗ ಮೇಲಿನ ಮಹಡಿಯನ್ನು 'ಬಾಡಿಗೆ' ಅಂತ ಬದಲಾಯಿಸಿದ ತಕ್ಷಣ ಮೊತ್ತ ಏರುತ್ತದೆ. ಅಕ್ಕಪಕ್ಕದವರು "ಸುಮ್ನೆ ಸ್ವಂತ ವಾಸ ಅಂತಲೇ ಬಿಡಿ, ಯಾರು ಬಂದು ನೋಡ್ತಾರೆ" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಲೆಕ್ಕ ಅರ್ಥವಾಗದೆ ದುಡ್ಡು ಕಟ್ಟುವುದಕ್ಕೂ ಇಷ್ಟವಿಲ್ಲ. ಈ ಮೊತ್ತ ಎಲ್ಲಿಂದ ಬರುತ್ತದೆ? ಬಾಡಿಗೆ ಭಾಗಕ್ಕೆ ಜಾಸ್ತಿ ಯಾಕೆ? ಕಟ್ಟಿದ್ದಕ್ಕೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ವಿನಾಯಿತಿ ಇದೆಯಾ? ಆಫೀಸಿನಲ್ಲಿ ಒಬ್ಬರು 80ಸಿ ಅಡಿ ತೋರಿಸಬಹುದು ಅಂದರು.

ಒಂಬತ್ತನೇ_ಕ್ರಾಸ್:
ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿಬಿಡಿ ಮೇಡಂ. ಪೂರ್ತಿ ಒಂದೇ ಸಲ ಕಟ್ಟಿದರೆ ಶೇ. 5 ರಿಯಾಯಿತಿ. ಮಿಕ್ಕ ಚರ್ಚೆ ಆಮೇಲೂ ಮಾಡಬಹುದು.

ಜಯನಗರ_ಕಾಫಿ:
80ಸಿ ಅಡಿ ಬರಲ್ಲ. ಅದು ಗೃಹ ಸಾಲದ ಅಸಲಿಗೆ. ಕಂದಾಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಡತಪ್ರೇಮಿ:
ನಾನು ಕಂದಾಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಧಾನವಾಗಿ ಹೇಳುತ್ತೇನೆ, ಪೆನ್ನು ಕಾಗದ ತಗೊಳ್ಳಿ.

ಬೆಂಗಳೂರಿನಲ್ಲಿ 2008ರಿಂದ ಇರುವುದು ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ. ನೀವು ನಿಜವಾಗಿ ಎಷ್ಟು ಬಾಡಿಗೆ ಪಡೆಯುತ್ತೀರಿ ಅಂತ ಪಾಲಿಕೆ ಕೇಳುವುದಿಲ್ಲ. ನಿಮ್ಮ ರಸ್ತೆ ಯಾವ ವಲಯದಲ್ಲಿದೆ ಅಂತ ನೋಡುತ್ತದೆ. ಎ ಇಂದ ಎಫ್ ತನಕ ಆರು ವಲಯ. ಮಾರ್ಗಸೂಚಿ ಬೆಲೆ (ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಬೆಲೆ) ಜಾಸ್ತಿ ಇರುವ ರಸ್ತೆ ಎ, ಕಡಿಮೆ ಇರುವುದು ಎಫ್. ಪ್ರತಿ ವಲಯಕ್ಕೂ ಒಂದು ಚದರ ಅಡಿಗೆ ತಿಂಗಳಿಗೆ ಇಷ್ಟು ಅಂತ ದರ ಇದೆ. ಆರ್‌ಸಿಸಿ ಮನೆಗೆ 2008ರ ಮೂಲ ಪಟ್ಟಿಯಲ್ಲಿ ಡಿ ವಲಯದ ದರ ಸ್ವಂತ ವಾಸಕ್ಕೆ 1 ರೂಪಾಯಿ 60 ಪೈಸೆ, ಬಾಡಿಗೆಗೆ 3 ರೂಪಾಯಿ 20 ಪೈಸೆ. 2016ರಲ್ಲಿ ವಾಸದ ಮನೆಗಳಿಗೆ ಶೇ. 20 ಏರಿಸಿದರು. ಲೆಕ್ಕದ ದಾರಿ ಗೊತ್ತಾಗಲಿ ಅಂತ ನಾನು ಮೂಲ ದರದಲ್ಲೇ ಮಾಡಿ ತೋರಿಸುತ್ತೇನೆ. ನಿಮ್ಮ ವಲಯದ ಈಗಿನ ದರ ಹಾಕಿಕೊಂಡು ನೀವು ಮತ್ತೆ ಮಾಡಿ.

ಕೆಳಗಿನ ಮನೆ: 800 ಅಡಿ, 1.60 ದರ, 10 ತಿಂಗಳು. 12,800 ರೂ. ಮೇಲಿನ ಮನೆ: 800 ಅಡಿ, 3.20 ದರ, 10 ತಿಂಗಳು. 25,600 ರೂ. ವರ್ಷಕ್ಕೆ 12 ಅಲ್ಲ, 10 ತಿಂಗಳಿಗೇ ಲೆಕ್ಕ. ಎರಡೂ ಸೇರಿ 38,400. ಇದರಲ್ಲಿ ಮನೆಯ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. ಶೇ. 15 ಅಂತ ಇಟ್ಟುಕೊಳ್ಳಿ, 32,640 ಉಳಿಯಿತು. ಅದರ ಶೇ. 20 ನಿಮ್ಮ ಕಂದಾಯ, ಅಂದರೆ 6,528. ಈ ಕಂದಾಯದ ಮೇಲೆ ಶೇ. 24 ಸೆಸ್, ಅಂದರೆ ಉಪಕರ, 1,567. ಒಟ್ಟು 8,095 ರೂಪಾಯಿ.

ಎರಡೂ ಮಹಡಿ ಸ್ವಂತ ವಾಸ ಆಗಿದ್ದರೆ ಇದೇ ಲೆಕ್ಕದಲ್ಲಿ 5,396 ಬರುತ್ತಿತ್ತು. ವ್ಯತ್ಯಾಸ ವರ್ಷಕ್ಕೆ 2,700ರ ಆಸುಪಾಸು. ಅಕ್ಕಪಕ್ಕದವರು ಇಷ್ಟಕ್ಕಾಗಿ ನಿಮಗೆ ಸುಳ್ಳು ಬರೆಯಲು ಹೇಳುತ್ತಿದ್ದಾರೆ.

ಕಾಮನಬಿಲ್ಲು80:
ಸರ್, ತುಂಬಾ ಧನ್ಯವಾದ. ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಬಾಡಿಗೆ ಅಂತ ಬದಲಾಯಿಸಲು ಕಚೇರಿಗೆ ಹೋಗಬೇಕಾ?

ಕಡತಪ್ರೇಮಿ:
ಬೇಡ ಮಗಳೇ. ಹೋದ ವರ್ಷದಂತೆಯೇ ಇದ್ದರೆ ನಾಲ್ಕನೇ ಫಾರಂ. ಅಳತೆ ಅಥವಾ ಬಳಕೆ ಬದಲಾಗಿದ್ದರೆ ಐದನೇ ಫಾರಂ. ನಿಮ್ಮದು ಐದನೆಯದು. ಜನ ಅವಸರದಲ್ಲಿ ನಾಲ್ಕನ್ನೇ ಒತ್ತಿ ದುಡ್ಡು ಕಟ್ಟಿಬಿಡುತ್ತಾರೆ, ಮುಂದೆ ತೊಂದರೆ ಶುರುವಾಗುವುದೇ ಅಲ್ಲಿ.

ಪಿಂಚಣಿ_ಮೇಷ್ಟ್ರು:
ಲೆಕ್ಕ ಸರಿ ಇರಬಹುದು. ಆದರೆ ನ್ಯಾಯವಾ ಅಂತ ನಾನು ಕೇಳುತ್ತೇನೆ. ಅದೇ ಗೋಡೆ, ಅದೇ ತಾರಸಿ, ಅದೇ ರಸ್ತೆ. ನಾನು ವಾಸ ಮಾಡಿದರೆ ಒಂದು ದರ, ಬಾಡಿಗೆಗೆ ಕೊಟ್ಟರೆ ಎರಡು ಪಟ್ಟು. ನನ್ನಂಥ ಎಷ್ಟೋ ಜನರಿಗೆ ಮೇಲಿನ ಮನೆಯ ಬಾಡಿಗೆಯೇ ಔಷಧಿ ಖರ್ಚು. ಖಾಸಗಿ ಶಾಲೆಯಲ್ಲಿ ಪಾಠ ಹೇಳಿದವನಿಗೆ ಸರ್ಕಾರಿ ಪಿಂಚಣಿ ಇಲ್ಲ. ಆ ಬಾಡಿಗೆಗೆ ಇನ್‌ಕಮ್ ಟ್ಯಾಕ್ಸ್ ಬೇರೆ ಇದೆ. ಒಂದೇ ಆದಾಯಕ್ಕೆ ಎರಡು ಕಡೆ ಯಾಕೆ ಕೊಡಬೇಕು?

ಲೆಕ್ಕಪಕ್ಕಾ:
ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೂ ಒಂದು ಮಾತು. ಡಬಲ್ ಅನ್ನುವುದು ಯಾವುದರ ಡಬಲ್ ಅಂತ ನೋಡಿ. 800 ಅಡಿಗೆ 3.20 ದರ ಅಂದರೆ ತಿಂಗಳಿಗೆ 2,560 ರೂಪಾಯಿ. 2016ರ ಏರಿಕೆ ಸೇರಿಸಿದರೂ 3,072. ಪಾಲಿಕೆ ಆ ಮನೆಯ ಬಾಡಿಗೆ ಅಷ್ಟೇ ಅಂತ ಎಣಿಸಿ ಕಂದಾಯ ಹಾಕುತ್ತಿದೆ. ನಿಜವಾಗಿ ಮೇಡಂ ಪಡೆಯುತ್ತಿರುವುದು 18,000. ಸ್ವಂತ ವಾಸದವರಿಗೆ ಅರ್ಧ ದರ ಅನ್ನುವುದು ರಿಯಾಯಿತಿ. ಬಾಡಿಗೆಯವರಿಗೆ ಹಾಕಿದ ದಂಡ ಅಲ್ಲ.

ಪಿಂಚಣಿ_ಮೇಷ್ಟ್ರು:
ಹೆಸರು ಏನಾದರೂ ಇಡಿ, ಜೇಬಿನಿಂದ ಹೋಗುವುದು ನನ್ನದು. 70 ದಾಟಿದವರಿಗೆ, ಒಂದೇ ಮನೆ ಇರುವವರಿಗೆ ಒಂದು ರಿಯಾಯಿತಿ ಇರಬೇಕು ಅಂತ ನನ್ನ ಅಭಿಪ್ರಾಯ. ಇದನ್ನು ನಾನು ಬಿಡುವುದಿಲ್ಲ.

ಡಲ್ಲಾಸ್_ದೊಡ್ಮನೆ:
ಮೇಷ್ಟ್ರು ಕೇಳುತ್ತಿರುವುದು ಇಲ್ಲಿ ಇದೆ. ಟೆಕ್ಸಾಸ್‌ನಲ್ಲಿ ಸ್ವಂತ ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಅಂತ ಕೊಡುತ್ತಾರೆ. ಶಾಲಾ ತೆರಿಗೆಗೆ ಮನೆಯ ಬೆಲೆಯಲ್ಲಿ 1 ಲಕ್ಷ ಡಾಲರ್ ಬಿಟ್ಟು ಲೆಕ್ಕ ಹಾಕುತ್ತಿದ್ದರು. 2025ರ ನವೆಂಬರ್‌ನಲ್ಲಿ ಜನ ಮತ ಹಾಕಿ ಅದನ್ನು 1 ಲಕ್ಷ 40 ಸಾವಿರಕ್ಕೆ ಏರಿಸಿದರು. 65 ದಾಟಿದವರಿಗೆ ಇನ್ನೂ ಜಾಸ್ತಿ. ಆದರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಹೊಸದಾಗಿ ಮನೆ ತಗೊಂಡ ನಮ್ಮ ಹುಡುಗರು ಎಷ್ಟೋ ಜನ ಅರ್ಜಿ ಹಾಕದೆ ಪೂರ್ತಿ ಕಟ್ಟುತ್ತಾರೆ.

ಆದರೆ ಇಲ್ಲಿ ತೆರಿಗೆ ಕಡಿಮೆ ಅಂದುಕೊಳ್ಳಬೇಡಿ. ಈ ರಾಜ್ಯದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದನ್ನೆಲ್ಲ ಮನೆಯ ಮೇಲೆ ತೀರಿಸಿಕೊಳ್ಳುತ್ತಾರೆ. ವರ್ಷಕ್ಕೆ ಮನೆಯ ಬೆಲೆಯ ಶೇ. 2ರ ಹತ್ತಿರ ಹೋಗುತ್ತದೆ. ಬೆಂಗಳೂರಿನ ಮನೆಗೆ ಆ ಲೆಕ್ಕ ಹಾಕಿದರೆ ಏನಾಗುತ್ತದೆ ಯೋಚಿಸಿ.

ಒಂಬತ್ತನೇ_ಕ್ರಾಸ್:
ಶೇ. 2! ಒಂದು ಕೋಟಿಯ ಮನೆಗೆ ವರ್ಷಕ್ಕೆ 2 ಲಕ್ಷ. ನಮ್ಮ ಬೀದಿಯಲ್ಲಿ ಅರ್ಧ ಜನ ಮನೆ ಮಾರಬೇಕಾಗುತ್ತದೆ.

ಲೀಡ್ಸ್_ಮಳೆ:
ಇಂಗ್ಲೆಂಡ್‌ನಲ್ಲಿ ಇನ್ನೊಂದು ಥರ. ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರು, ಬಾಡಿಗೆದಾರರಾದರೂ ಅವರೇ. ಒಬ್ಬರೇ ಇದ್ದರೆ ಶೇ. 25 ಕಡಿತ. ಈಗಲೂ 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆಯೇ ಪಟ್ಟಿ ನಡೆಯುತ್ತಿದೆ.

ಜಯನಗರ_ಕಾಫಿ:
ಬೇರೆ ದೇಶದ ಕಥೆ ಇರಲಿ, ಇವರ ಪ್ರಶ್ನೆಗೆ ಬನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಪ್ರಾಯೋಗಿಕವಾಗಿ ಯಾರೂ ಬಂದು ನೋಡುವುದಿಲ್ಲ. ನಮ್ಮ ರಸ್ತೆಯಲ್ಲಿ ಬಾಡಿಗೆ ಮನೆಗಳೇ ಜಾಸ್ತಿ. ಎಲ್ಲರೂ ಸ್ವಂತ ವಾಸ ಅಂತಲೇ ಕಟ್ಟುತ್ತಾರೆ. ಸರಿ ಅಂತ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಲೆಕ್ಕಪಕ್ಕಾ:
ಕಾಫಿ ಅವರೇ, ಇದಕ್ಕೆ ನನ್ನ ವಿರೋಧ ಇದೆ. ನೀವು ಹೇಳುವ ಕಾಲ ಹೋಯಿತು. ಮೇಲಿನ ಮನೆಗೆ ಬೇರೆ ವಿದ್ಯುತ್ ಮೀಟರ್ ಇರುತ್ತದೆ. ಗೃಹಜ್ಯೋತಿಗೆ ಬಾಡಿಗೆದಾರ ತನ್ನ ಆಧಾರ್ ಜೋಡಿಸಿರುತ್ತಾನೆ. ಅವನು ಕೆಲಸದಲ್ಲಿದ್ದು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಿದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದ ಮೇಲೆ ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. ಅಲ್ಲಿಗೆ ಆ ಮನೆ ಬಾಡಿಗೆಗಿದೆ ಅಂತ ಮೂರು ಕಡೆ ದಾಖಲೆ ಆಯಿತು. ಕಂದಾಯದ ಫಾರಂನಲ್ಲಿ ಮಾತ್ರ ನೀವು 'ಸ್ವಂತ ವಾಸ' ಅಂತ ಸಹಿ ಮಾಡಿರುತ್ತೀರಿ. ಸ್ವಯಂ ಘೋಷಣೆ ಅಂದರೆ ಅಲ್ಲಿ ಬರೆದದ್ದಕ್ಕೆ ನೀವೇ ಹೊಣೆ.

ಸಿಕ್ಕಿಬಿದ್ದರೆ ಮೊದಲು ವ್ಯತ್ಯಾಸದ ಎರಡು ಪಟ್ಟು ದಂಡ ಇತ್ತು. 2024ರಲ್ಲಿ ತಿದ್ದುಪಡಿ ತಂದು ಅದನ್ನು ವ್ಯತ್ಯಾಸದಷ್ಟಕ್ಕೇ ಇಳಿಸಿದ್ದಾರೆ. ಜೊತೆಗೆ ಬಡ್ಡಿ. ಅದೂ ಒಂದು ವರ್ಷಕ್ಕಲ್ಲ, ಹಿಂದಿನ ವರ್ಷಗಳಿಗೆಲ್ಲ ಸೇರಿಸಿ. ಆಗ ಒಂದು ಸಲದ ತೀರುವಳಿ ಯೋಜನೆಯನ್ನೂ ಕೊಟ್ಟಿದ್ದರು, ಬಡ್ಡಿ ಮನ್ನಾ, ದಂಡ ಕಡಿತ. ಅದು 2024ರ ನವೆಂಬರ್ 30ಕ್ಕೆ ಮುಗಿಯಿತು. ಮತ್ತೆ ಕೊಡುತ್ತಾರೆ ಅಂತ ಕಾಯುವುದು ಬುದ್ಧಿವಂತಿಕೆ ಅಲ್ಲ.

ಹುಬ್ಬಳ್ಳಿ_ಹುಡುಗ:
ಬರೋಬ್ಬರಿ ಹೇಳಿದ್ರಿ ಸರ್.

ಕಡತಪ್ರೇಮಿ:
ಇದಕ್ಕೆ ವಲಯದ ವಿಷಯವನ್ನೂ ಸೇರಿಸುತ್ತೇನೆ. 2016ರಲ್ಲಿ ವಲಯಗಳನ್ನು ಪರಿಷ್ಕರಿಸಿದಾಗ ಎಷ್ಟೋ ರಸ್ತೆಗಳು ಮೇಲಿನ ವಲಯಕ್ಕೆ ಹೋದವು. ಬಹಳ ಜನ ಅದನ್ನು ಗಮನಿಸದೆ ಹಳೆಯ ವಲಯದಲ್ಲೇ ಕಟ್ಟುತ್ತಾ ಹೋದರು. ವರ್ಷಗಳಾದ ಮೇಲೆ ನೋಟಿಸ್ ಬಂತು. ಅವರಲ್ಲಿ ಹೆಚ್ಚಿನವರು ಬೇಕಂತ ಮಾಡಿದವರಲ್ಲ, ಪ್ರಾಮಾಣಿಕರೇ. ಆದ್ದರಿಂದ ನಿಮ್ಮ ರಸ್ತೆಯ ವಲಯ ಯಾವುದು ಅಂತ ಒಮ್ಮೆ ಪಟ್ಟಿಯಲ್ಲಿ ನೋಡಿಕೊಳ್ಳಿ. ಅಪ್ಪ ಕಟ್ಟಿದ ರಸೀದಿಯಲ್ಲಿ ಇರುವುದೇ ಸರಿ ಅಂತ ತಿಳಿಯಬೇಡಿ.

ಕಾಮನಬಿಲ್ಲು80:
ಸರಿ ಸರ್, ನೋಡುತ್ತೇನೆ. ಸ್ವಂತ ವಾಸ ಅಂತ ಬರೆಯುವ ಯೋಚನೆ ಪೂರ್ತಿ ಬಿಟ್ಟೆ. ಲೆಕ್ಕಪಕ್ಕಾ ಅವರೇ, ಇನ್‌ಕಮ್ ಟ್ಯಾಕ್ಸ್ ಕಡೆ ಬಿಡಿಸಿ ಹೇಳುತ್ತೀರಾ? ನಾನು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿದ್ದೇನೆ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವುದು).

ಲೆಕ್ಕಪಕ್ಕಾ:
ಖಂಡಿತ. ಇದು ನನ್ನ ದಿನನಿತ್ಯದ ಕೆಲಸ.

ನೀವು ವಾಸ ಇರುವ ಕೆಳಗಿನ ಮನೆಗೆ ಕಟ್ಟಿದ ಕಂದಾಯದಿಂದ ಆದಾಯ ತೆರಿಗೆಯಲ್ಲಿ ಒಂದು ಪೈಸೆಯೂ ಲಾಭವಿಲ್ಲ. ಆ ಮನೆಯಿಂದ ಆದಾಯ ಸೊನ್ನೆ ಅಂತ ಕಾನೂನೇ ಹಿಡಿಯುತ್ತದೆ, ಸೊನ್ನೆಯಿಂದ ಏನು ಕಳೆಯುವುದು? ಮೇಲಿನ ಮನೆಗೆ ಸೇರಿದ ಕಂದಾಯವನ್ನು ಮಾತ್ರ ಬಾಡಿಗೆಯಿಂದ ಕಳೆಯಬಹುದು. ಹಳೆಯ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಇದೆ.

ಕಡತಪ್ರೇಮಿ ಸರ್ ಕೊಟ್ಟ ಅಂಕಿಗಳಲ್ಲೇ ಹೋಗೋಣ. ಒಟ್ಟು 8,095ರಲ್ಲಿ ಬಾಡಿಗೆ ಮಹಡಿಯ ಪಾಲು ಸೆಸ್ ಸೇರಿ 5,396. ವರ್ಷದ ಬಾಡಿಗೆ 2,16,000. ಕಂದಾಯ ಕಳೆದರೆ 2,10,604. ಇದರ ಮೇಲೆ ಶೇ. 30 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ 63,181. ಸುಣ್ಣಬಣ್ಣ, ರಿಪೇರಿ ಅಂತ ಬಿಲ್ ತೋರಿಸುವ ಅಗತ್ಯವೇ ಇಲ್ಲ, ಖರ್ಚು ಮಾಡದಿದ್ದರೂ ಸಿಗುತ್ತದೆ. ತೆರಿಗೆಗೆ ಬರುವ ಆದಾಯ ಕೊನೆಗೆ 1,47,423.

ಈಗ ಕಂದಾಯದಿಂದ ಉಳಿದದ್ದು ಎಷ್ಟು? 5,396 ಕಳೆದಾಗ ಶೇ. 30ರ ಲೆಕ್ಕವೂ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಆದಾಯ ಇಳಿಯುವುದು ಸುಮಾರು 3,777 ಮಾತ್ರ. ನೀವು ಶೇ. 20ರ ಸ್ಲ್ಯಾಬ್‌ನಲ್ಲಿದ್ದರೆ ಉಳಿತಾಯ 780 ರೂಪಾಯಿಯ ಹತ್ತಿರ. ದೊಡ್ಡದಲ್ಲ, ಆದರೆ ನಿಮ್ಮ ಹಕ್ಕು, ಯಾಕೆ ಬಿಡಬೇಕು?

ಎರಡು ಷರತ್ತು ನೆನಪಿಡಿ. ಕಂದಾಯವನ್ನು ಮಾಲೀಕರೇ ಕಟ್ಟಿರಬೇಕು. ಆ ಹಣಕಾಸು ವರ್ಷದಲ್ಲಿ ನಿಜವಾಗಿ ಕಟ್ಟಿರಬೇಕು. ಬಾಕಿ ಇದೆ ಅಂದರೆ ಕಳೆಯಲು ಬರಲ್ಲ. ಹಾಗೆಯೇ ಹಳೆಯ ನಾಲ್ಕೈದು ವರ್ಷದ ಬಾಕಿಯನ್ನು ಈ ವರ್ಷ ಒಟ್ಟಿಗೆ ಕಟ್ಟಿದರೆ, ಆ ತೆರಿಗೆಯನ್ನೆಲ್ಲ ಈ ವರ್ಷದ ಬಾಡಿಗೆಯಿಂದಲೇ ಕಳೆಯಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ.

ಫ್ಲ್ಯಾಟ್_302:
ಸರ್, ಗೃಹ ಸಾಲದ ಬಡ್ಡಿ? ನಾನೂ ಹೊಸ ಪದ್ಧತಿಯಲ್ಲಿದ್ದೇನೆ, ನನ್ನ ಫ್ಲ್ಯಾಟ್‌ನಲ್ಲಿ ನಾನೇ ಇದ್ದೇನೆ.

ಲೆಕ್ಕಪಕ್ಕಾ:
ಸ್ವಂತ ವಾಸದ ಮನೆಗೆ ಹೊಸ ಪದ್ಧತಿಯಲ್ಲಿ ಬಡ್ಡಿ ಕಡಿತ ಇಲ್ಲ. ಹಳೆಯದರಲ್ಲಿ 2 ಲಕ್ಷದ ತನಕ ಇದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಹೊಸ ಪದ್ಧತಿಯಲ್ಲೂ ಬಾಡಿಗೆಯಿಂದ ಬಡ್ಡಿ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಗಿಂತ ಜಾಸ್ತಿಯಾಗಿ ನಷ್ಟ ಬಂದರೆ ಅದನ್ನು ಸಂಬಳದ ಜೊತೆ ಹೊಂದಿಸಲು ಆಗಲ್ಲ. ಇನ್ನೊಂದು, ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ, ಹಳೆಯ ನಂಬರ್ ಹಿಡಿದು ಹುಡುಕಬೇಡಿ.

ಡಲ್ಲಾಸ್_ದೊಡ್ಮನೆ:
ಹೊರದೇಶದಲ್ಲಿದ್ದು ಬೆಂಗಳೂರಿನಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟವರಿಗೆ ನನ್ನ ಕಡೆಯಿಂದ ಒಂದು ಮಾತು. ಭಾರತದಲ್ಲಿ ಕಟ್ಟಿದ ಆದಾಯ ತೆರಿಗೆಗೆ ಅಮೆರಿಕದಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತಾರೆ. ಮನೆ ಕಂದಾಯಕ್ಕೆ ಸಿಗುವುದಿಲ್ಲ, ಅದು ಆದಾಯದ ಮೇಲಿನ ತೆರಿಗೆ ಅಲ್ಲ. ಕಂದಾಯವನ್ನು ಬಾಡಿಗೆಯ ಖರ್ಚು ಅಂತ ಅಮೆರಿಕದ ರಿಟರ್ನ್‌ನ ಶೆಡ್ಯೂಲ್ ಇ ನಲ್ಲಿ (ಬಾಡಿಗೆ ಆದಾಯ ತೋರಿಸುವ ಹಾಳೆ) ತೋರಿಸಬೇಕು. ಊರಿನಲ್ಲಿ ಬೀಗ ಹಾಕಿಟ್ಟ ಮನೆಯ ಕಂದಾಯಕ್ಕೆ 2018ರಿಂದ ಇಲ್ಲಿ ಕಡಿತವೂ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ರಿಟರ್ನ್ ತುಂಬಿದವರನ್ನು ನೋಡಿದ್ದೇನೆ.

ಲೆಕ್ಕಪಕ್ಕಾ:
ಒಳ್ಳೆಯ ಮಾತು. ಜೊತೆಗೆ, ಮಾಲೀಕರು ಎನ್‌ಆರ್‌ಐ ಆಗಿದ್ದರೆ ಬಾಡಿಗೆದಾರರೇ ಬಾಡಿಗೆ ಕೊಡುವಾಗ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯಬೇಕು, ಶೇ. 30 ಮತ್ತು ಅದರ ಮೇಲೆ ಸೆಸ್. ಬಾಡಿಗೆದಾರರು ಇದನ್ನು ಕೇಳಿ ಗಾಬರಿ ಆಗುತ್ತಾರೆ, ಆದರೆ ಕಾನೂನು ಅದೇ.

ಸುಬೇದಾರ್_ಮಗಳು:
ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಮಾಜಿ ಸೈನಿಕರು ಸ್ವಂತ ವಾಸ ಇರುವ ಮನೆಗೆ ಕರ್ನಾಟಕದಲ್ಲಿ ಕಂದಾಯದ ಅರ್ಧ ವಿನಾಯಿತಿ ಇದೆ. ಹುತಾತ್ಮರ ಕುಟುಂಬಕ್ಕೂ ಇದೆ. ನನ್ನ ತಂದೆ ಬದುಕಿರುವ ತನಕ ಕೇಳಲೇ ಇಲ್ಲ. "ದೇಶಕ್ಕೆ ಕೆಲಸ ಮಾಡಿದ್ದಕ್ಕೆ ಬಿಲ್ ಕೊಡಬೇಕಾ" ಅನ್ನುತ್ತಿದ್ದರು. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಅವರ ಪರವಾಗಿ ನೀವು ಕೇಳಿ. ಸೈನಿಕ ಕಲ್ಯಾಣ ಇಲಾಖೆಯವರು ಕಾಗದಪತ್ರಕ್ಕೆ ಸಹಾಯ ಮಾಡುತ್ತಾರೆ.

ಒಂಬತ್ತನೇ_ಕ್ರಾಸ್:
ನಿಮ್ಮ ತಂದೆಯವರಿಗೆ ನಮಸ್ಕಾರ. ಈ ವಿಷಯ ನನಗೂ ಗೊತ್ತಿರಲಿಲ್ಲ.

ಪಿಂಚಣಿ_ಮೇಷ್ಟ್ರು:
ಆ ಶೇ. 24 ಸೆಸ್ ಯಾವುದಕ್ಕೆ ಅಂತ ಯಾರಾದರೂ ಹೇಳಿ. ಕಂದಾಯದ ಕಾಲು ಭಾಗ ಅಲ್ಲಿಗೇ ಹೋಗುತ್ತಿದೆ.

ಕಡತಪ್ರೇಮಿ:
ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆ ತಡೆಗೆ 3. ಒಟ್ಟು 24. ಮೂರಕ್ಕೂ ಬೇರೆ ಬೇರೆ ಕಾಯ್ದೆ ಇದೆ. ಗ್ರಂಥಾಲಯದ್ದು 1965ರ ಕಾಯ್ದೆ, ಭಿಕ್ಷಾಟನೆಯದ್ದು 1975ರದ್ದು. ಮನೆ ಕಟ್ಟಿಕೊಂಡ ಪ್ರತಿಯೊಬ್ಬರೂ ಪ್ರತಿ ನೂರು ರೂಪಾಯಿ ಕಂದಾಯಕ್ಕೆ 6 ರೂಪಾಯಿ ಪುಸ್ತಕಕ್ಕೆ ಕೊಡುತ್ತಿದ್ದೇವೆ.

ಪಿಂಚಣಿ_ಮೇಷ್ಟ್ರು:
ಗ್ರಂಥಾಲಯಕ್ಕೆ ಅಂದರೆ ನನ್ನ ತಕರಾರಿಲ್ಲ. ಬಡ ಮಕ್ಕಳು ಪರೀಕ್ಷೆಗೆ ಓದುವುದು ಅಲ್ಲೇ. ಆದರೆ ಆ ದುಡ್ಡು ಗ್ರಂಥಾಲಯಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ನಾವು ಕೊಡುವುದರಲ್ಲಿ ತಪ್ಪುವುದಿಲ್ಲ, ಮುಟ್ಟಿಸುವವರೂ ತಪ್ಪಬಾರದು.

ಜಯನಗರ_ಕಾಫಿ:
ಇದು ನೂರಕ್ಕೆ ನೂರು ಸತ್ಯ. ಆದರೆ ಕಸದ ಶುಲ್ಕ? 2025ರ ಏಪ್ರಿಲ್‌ನಿಂದ ಅದನ್ನೂ ಕಂದಾಯದ ಜೊತೆಗೇ ಸೇರಿಸಿದ್ದಾರೆ. 600 ಅಡಿ ತನಕ ತಿಂಗಳಿಗೆ 10 ರೂಪಾಯಿ, 1000 ತನಕ 50, ಅದರಿಂದ 2000 ತನಕ 100. ಈ ಮೇಡಂದು 1600 ಅಡಿ, ಅಂದರೆ ವರ್ಷಕ್ಕೆ 1,200. ಕಂದಾಯ ಏರಿಸಿಲ್ಲ ಅಂತ ಹೇಳಿ ಪಕ್ಕದ ಬಾಗಿಲಿನಿಂದ ತಗೊಂಡ ಹಾಗಾಯಿತು.

ಒಂಬತ್ತನೇ_ಕ್ರಾಸ್:
ಕಸ ತಗೊಂಡು ಹೋಗುವವರಿಗೆ ಸಂಬಳ ಬೇಡವಾ? ಬೆಳಗ್ಗೆ ಆರಕ್ಕೆ ಬರುತ್ತಾರೆ ಪಾಪ. ತಿಂಗಳಿಗೆ 100 ಜಾಸ್ತಿ ಅಂತ ನನಗನ್ನಿಸಲ್ಲ.

ಜಯನಗರ_ಕಾಫಿ:
ಅವರಿಗೆ ಹೋಗುತ್ತದೆ ಅಂದರೆ 200 ಕೊಡಲೂ ತಯಾರು. ನಾನು ಕೇಳುತ್ತಿರುವುದು ಮನೆಯ ಅಡಿ ಲೆಕ್ಕ ಯಾಕೆ ಅಂತ. ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು ಇದ್ದರೆ ಅವರಿಂದ ಕಸ ಎಷ್ಟು ಬರುತ್ತದೆ?

ಕಾಮನಬಿಲ್ಲು80:
ಕಸದ ಶುಲ್ಕವನ್ನೂ ಬಾಡಿಗೆಯಿಂದ ಕಳೆಯಬಹುದಾ?

ಲೆಕ್ಕಪಕ್ಕಾ:
ನಾನಾದರೆ ಸೇರಿಸುವುದಿಲ್ಲ. ಅದು ಸೇವಾ ಶುಲ್ಕ, ಸ್ಥಳೀಯ ಸಂಸ್ಥೆಯ ತೆರಿಗೆ ಅಲ್ಲ. ರಸೀದಿಯಲ್ಲಿ ಬೇರೆ ಸಾಲಿನಲ್ಲೇ ಇರುತ್ತದೆ. 1,200ಕ್ಕಾಗಿ ಪ್ರಶ್ನೆ ಎಬ್ಬಿಸಿಕೊಳ್ಳುವುದು ಬೇಡ.

ತುಂಗೆಯ_ದಡ:
ಎಲ್ಲರೂ ಬೆಂಗಳೂರಿನದೇ ಹೇಳುತ್ತಿದ್ದೀರಿ. ನಮ್ಮ ಶಿವಮೊಗ್ಗ, ಮೈಸೂರು, ಮಂಗಳೂರು ಕಡೆ ಈ ಎ, ಬಿ, ಸಿ ವಲಯದ ದರ ಇಲ್ಲ. ಇಲ್ಲಿ ಆಸ್ತಿಯ ಬೆಲೆಯ ಮೇಲೆ ತೆರಿಗೆ. 2021ರ ತಿದ್ದುಪಡಿ ಆದ ಮೇಲೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯ ಶೇ. 25 ಹಿಡಿದು ಅದರ ಮೇಲೆ ದರ ಹಾಕುತ್ತಾರೆ. ಮೊದಲು ಮೂರು ವರ್ಷಕ್ಕೊಮ್ಮೆ ಏರುತ್ತಿತ್ತು. ಈಗ ಪ್ರತಿ ವರ್ಷ ಶೇ. 3ರಿಂದ 5. ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ನಮಗೂ ಇದೆ. ಮೇ, ಜೂನ್ ದಂಡ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2. ಅದು ವರ್ಷಕ್ಕೆ 24 ಆಯಿತು, ಬ್ಯಾಂಕಿನ ಗೃಹ ಸಾಲದ ಬಡ್ಡಿಗಿಂತಲೂ ಜಾಸ್ತಿ.

ಫ್ಲ್ಯಾಟ್_302:
ಮನೆ ಕೊಳ್ಳುವವರು ಇದನ್ನು ಗಮನಿಸಿ. ನಾನು ಈ ಫ್ಲ್ಯಾಟನ್ನು ಎರಡನೇ ಕೈಯಿಂದ ತಗೊಂಡೆ. ಹಿಂದಿನ ಮಾಲೀಕರು ಕೊನೆಯ ವರ್ಷದ ರಸೀದಿ ಮಾತ್ರ ತೋರಿಸಿದರು. ಅದಕ್ಕಿಂತ ಹಿಂದಿನ ವರ್ಷಗಳ ಬಾಕಿ ಹಾಗೇ ಇತ್ತು. ಬಾಕಿ ಆಸ್ತಿಯ ಮೇಲೆಯೇ ಕೂತಿರುತ್ತದೆ, ಮಾಲೀಕರು ಬದಲಾದರೆ ಹೋಗುವುದಿಲ್ಲ. ಕೊನೆಗೆ ನಾನೇ ಕಟ್ಟಿದೆ. ಹಿಂದಿನ ಎಲ್ಲ ವರ್ಷದ ರಸೀದಿ ಕೇಳಿ. ಇಲ್ಲದಿದ್ದರೆ ಅಷ್ಟು ದುಡ್ಡನ್ನು ಮಾರಾಟದ ಮೊತ್ತದಲ್ಲೇ ಹಿಡಿದುಕೊಳ್ಳಿ.

ಒಂಬತ್ತನೇ_ಕ್ರಾಸ್:
ರಸೀದಿ ಅಂದಾಗ ನೆನಪಾಯಿತು. ನಮ್ಮ ಚಿಕ್ಕಪ್ಪ 20 ವರ್ಷದಿಂದ ಅಜ್ಜನ ಮನೆಗೆ ಕಂದಾಯ ಕಟ್ಟುತ್ತಿದ್ದಾರೆ. ರಸೀದಿ ಅವರ ಹೆಸರಲ್ಲೇ ಬರುತ್ತದೆ. ಹಾಗಾದರೆ ಮನೆ ಅವರದೇ ಆಯಿತು ಅಲ್ವಾ?

ಕಡತಪ್ರೇಮಿ:
ಆಗಲಿಲ್ಲ. ಖಾತಾ ಆಗಲಿ, ಕಂದಾಯದ ರಸೀದಿ ಆಗಲಿ ಮಾಲೀಕತ್ವದ ಪತ್ರ ಅಲ್ಲ. ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆ ಬರೆದಿಟ್ಟುಕೊಂಡ ದಾಖಲೆ ಅಷ್ಟೇ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್, ಇವುಗಳಿಂದ ಹಕ್ಕು ಬರುತ್ತದೆ. ಅಜ್ಜ ವಿಲ್ ಬರೆಯದೆ ಹೋಗಿದ್ದರೆ ಎಲ್ಲ ಮಕ್ಕಳಿಗೂ ಪಾಲಿದೆ, ಹೆಣ್ಣುಮಕ್ಕಳಿಗೂ. ಚಿಕ್ಕಪ್ಪ ಕಟ್ಟಿದ ಕಂದಾಯವನ್ನು ಪಾಲಿನ ಲೆಕ್ಕದಲ್ಲಿ ಕೇಳಿಕೊಳ್ಳಬಹುದು.

ಒಂಬತ್ತನೇ_ಕ್ರಾಸ್:
ಇದನ್ನು ಮನೆಯಲ್ಲಿ ಹೇಳಿದರೆ ದೊಡ್ಡ ಗಲಾಟೆ ಆಗುತ್ತದೆ. ಆದರೂ ಹೇಳಬೇಕು, ಅತ್ತೆಯಂದಿರಿಗೆ ಅನ್ಯಾಯ ಆಗಬಾರದು.

ಜಯನಗರ_ಕಾಫಿ:
ಬಿ ಖಾತಾ (ಸರಿಯಾದ ಅನುಮೋದನೆ ಇಲ್ಲದ ಆಸ್ತಿಯ ಖಾತಾ) ಇರುವವರೂ ಹೀಗೇ ಅಂದುಕೊಳ್ಳುತ್ತಾರೆ, "ಕಂದಾಯ ತಗೊಳ್ತಾರೆ, ಹಾಗಾಗಿ ಮನೆ ಸಕ್ರಮ" ಅಂತ. ಕಂದಾಯ ತಗೊಂಡ ಮಾತ್ರಕ್ಕೆ ಅಕ್ರಮ ಕಟ್ಟಡ ಸಕ್ರಮ ಆಗಲ್ಲ.

ಕಾಮನಬಿಲ್ಲು80:
ಎಲ್ಲರಿಗೂ ಧನ್ಯವಾದ. ಪಟ್ಟಿ ನೋಡಿದೆ. ನಮ್ಮ ರಸ್ತೆ ಅಪ್ಪ ಕಟ್ಟುತ್ತಿದ್ದ ವಲಯದಲ್ಲೇ ಇದೆ, ಸಮಾಧಾನ ಆಯಿತು. ಐದನೇ ಫಾರಂನಲ್ಲಿ ಮೇಲಿನ ಮಹಡಿ ಬಾಡಿಗೆ ಅಂತ ತುಂಬಿ ಕಟ್ಟುತ್ತೇನೆ. ಒಂದು ಅನುಮಾನ: ಬಾಡಿಗೆದಾರರು ತಾವಾಗಿಯೇ "ಜಾಸ್ತಿ ಆದ ಕಂದಾಯ ನಾವೇ ಕಟ್ಟುತ್ತೇವೆ, ಬಾಡಿಗೆ ಏರಿಸಬೇಡಿ" ಅನ್ನುತ್ತಿದ್ದಾರೆ. ಒಪ್ಪಲಾ?

ಲೆಕ್ಕಪಕ್ಕಾ:
ಒಪ್ಪಬೇಡಿ. ಅವರು ನೇರವಾಗಿ ಕಟ್ಟಿದರೆ ನಿಮಗೆ ಆ ಕಡಿತ ಹೋಗುತ್ತದೆ, ಮಾಲೀಕರು ಕಟ್ಟಿರಬೇಕು ಅಂತ ಹೇಳಿದೆನಲ್ಲ. ಬೇಕಾದರೆ ಕರಾರಿನಲ್ಲಿ ಬಾಡಿಗೆಯನ್ನೇ ಸ್ವಲ್ಪ ಹೆಚ್ಚು ಬರೆದು, ಕಂದಾಯ ನಿಮ್ಮ ಖಾತೆಯಿಂದಲೇ ಕಟ್ಟಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮ ಹೆಸರು ಇರಲಿ.

ಹುಬ್ಬಳ್ಳಿ_ಹುಡುಗ:
ನನ್ನದೂ ಒಂದು ಪ್ರಶ್ನೆ ರೀ. ಊರ ಹೊರಗೆ ಪಂಚಾಯಿತಿ ಜಾಗದಲ್ಲಿ ಒಂದು ಸೈಟು ನೋಡಿದ್ದೇವೆ. ಮಧ್ಯವರ್ತಿ "ಕಂದಾಯ ಕಟ್ಟಿದ ರಸೀದಿ ಇದೆ, ಕಣ್ಣು ಮುಚ್ಚಿ ತಗೊಳ್ರಿ" ಅಂತಾನೆ.

ಕಡತಪ್ರೇಮಿ:
ಕಣ್ಣು ತೆರೆದೇ ನೋಡಿ ತಮ್ಮಾ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11 ಕೇಳು. 11ರಲ್ಲೂ ಎ ಇದೆಯಾ ಬಿ ಇದೆಯಾ ನೋಡು. ಭೂ ಪರಿವರ್ತನೆ ಆಗಿ, ಲೇಔಟ್ ಮಂಜೂರಾಗಿದ್ದರೆ 9 ಮತ್ತು 11ಎ. ಹಾಗಿಲ್ಲದಿದ್ದರೆ 11ಬಿ. 11ಬಿ ಆಸ್ತಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. 9 ಮತ್ತು 11ಎ ಎರಡೂ ಕೈಗೆ ಬರದೆ ಮುಂಗಡ ಕೊಡಬೇಡ.

ಹುಬ್ಬಳ್ಳಿ_ಹುಡುಗ:
ಅವನು ತೋರಿಸಿದ್ದು 11ಬಿ ಅದ ರೀ. ನಾಳೆ ಬೆಳಗ್ಗೆ ಮುಂಗಡ ಕೊಡೋದಿತ್ತು, ಅಪ್ಪಾಜಿಗೆ ಈಗಲೇ ಫೋನ್ ಮಾಡುತ್ತೇನೆ.